ಉಂಗುರದ ಕವಚಕ್ಕೆ ಯಾರು ಯಾವ ಹೆಸರಿಟ್ಟರು

ಸಭೆಗೆ ನಮಸ್ಕಾರ.

ಯುರೋಪಿನ ಮಧ್ಯಯುಗದ ಯೋಧರ ಬಗ್ಗೆ ಇಂಗ್ಲಿಷಿನಲ್ಲಿ ಓದುವವರಿಗೆ ಬೇಗನೆ ಎದುರಾಗುವ ಕವಚದ ಹೆಸರುಗಳ ಸಾಲೊಂದಿದೆ: ಚೈನ್ ಮೇಲ್, ರಿಂಗ್ ಮೇಲ್, ಬ್ಯಾಂಡೆಡ್ ಮೇಲ್, ಸ್ಕೇಲ್ ಮೇಲ್, ಪ್ಲೇಟ್ ಮೇಲ್. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವೂ ಅದರ ಸಂತತಿ ಎನ್ನಬಹುದಾದ ಕಂಪ್ಯೂಟರ್ ಆಟಗಳೂ ಈ ಹೆಸರುಗಳನ್ನು ಊರೂರಿಗೆ ತಲುಪಿಸಿವೆ. ಇಲ್ಲಿ ಕುಳಿತಿರುವ ಎಳೆಯರಲ್ಲಿ ಕೆಲವರಿಗೆ ಇವುಗಳಲ್ಲಿ ಯಾವುದು ಎಷ್ಟು ಪೆಟ್ಟು ತಡೆಯುತ್ತದೆ ಎಂಬ ಲೆಕ್ಕವೂ ಬಾಯಿಪಾಠವಾಗಿರಬಹುದು. ಆದರೆ 12ನೇ ಶತಮಾನದ ನಾರ್ಮನ್ ಸವಾರನೊಬ್ಬನ ಮುಂದೆ ಈ ಪಟ್ಟಿಯನ್ನು ಹಿಡಿದಿದ್ದರೆ, ಕೊನೆಯ ‘ಮೇಲ್’ ಒಂದನ್ನು ಬಿಟ್ಟು ಉಳಿದದ್ದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಅವನ ಮೈಮೇಲಿದ್ದದ್ದು ಕಬ್ಬಿಣದ ಉಂಗುರಗಳ ಒಂದೇ ಬಗೆಯ ಹೆಣಿಗೆ. ಅದಕ್ಕೆ ಅವನ ಕಾಲದಲ್ಲಿ ಹತ್ತಾರು ಹೆಸರುಗಳಿದ್ದವು, ಆದರೆ ಅವು ಬೇರೆಯೇ ಹೆಸರುಗಳು.

ಈ ಗೋಜಲನ್ನು ಬಿಡಿಸಲು, ಒಂದು ಪದಕ್ಕೆ ಅರ್ಥವೇನು ಎಂದು ಕೇಳುವುದಕ್ಕೆ ಮೊದಲು ಅದನ್ನು ಬರೆದವನು ಯಾರು, ಯಾವ ಕೆಲಸಕ್ಕಾಗಿ ಬರೆದ ಎಂದು ಕೇಳಬೇಕೆಂಬುದು ನನ್ನ ವಾದ. ಕವಿ, ತೆರಿಗೆಯ ಗುಮಾಸ್ತ, ಉಗ್ರಾಣದ ಲೆಕ್ಕಿಗ, 19ನೇ ಶತಮಾನದ ಪುರಾವಸ್ತು ಪ್ರಿಯ, ಈ ನಾಲ್ವರೂ ಒಂದೇ ವಸ್ತುವನ್ನು ನೋಡಿ ನಾಲ್ಕು ರೀತಿಯಲ್ಲಿ ಹೆಸರಿಟ್ಟಿದ್ದಾರೆ. ನಾಲ್ಕನ್ನೂ ಒಂದೇ ಪಟ್ಟಿಗೆ ಸೇರಿಸಿದಾಗ ಇಲ್ಲದ ಕವಚಗಳು ಹುಟ್ಟಿಕೊಂಡವು. ಈ ಮಾತಿನುದ್ದಕ್ಕೂ ನಾನು ‘ಉಂಗುರದ ಕವಚ’ ಎಂದಷ್ಟೇ ಸರಳವಾಗಿ ಹೇಳುತ್ತೇನೆ. ನಮ್ಮ ‘ಕವಚ’ವಾಗಲಿ, ಹಳೆಯ ಕಾವ್ಯಗಳ ‘ಜೋಡು’ ಆಗಲಿ ಅದನ್ನು ಹೇಗೆ ಮಾಡಿದ್ದರೆಂಬುದನ್ನು ತಿಳಿಸುವುದಿಲ್ಲ, ಆದ್ದರಿಂದ ‘ಉಂಗುರ’ ಎಂಬುದನ್ನು ಸೇರಿಸಿಕೊಳ್ಳುವುದು ಅನಿವಾರ್ಯ.

ಮೊದಲು ವಸ್ತುವನ್ನು ಹತ್ತಿರದಿಂದ ನೋಡೋಣ. ಕಬ್ಬಿಣದ ತಂತಿಯನ್ನು ಸಲಾಕೆಯೊಂದಕ್ಕೆ ಸುರುಳಿಯಾಗಿ ಸುತ್ತಿ ಉದ್ದಕ್ಕೆ ಕತ್ತರಿಸಿದರೆ ಬಾಯ್ತೆರೆದ ಉಂಗುರಗಳು ಉದುರುತ್ತವೆ. ಅವುಗಳ ಎರಡು ತುದಿಗಳನ್ನು ಒಂದರ ಮೇಲೊಂದು ಬರುವಂತೆ ಒತ್ತಿ, ಬಡಿದು ಚಪ್ಪಟೆ ಮಾಡಿ, ಮೊನೆಯಿಂದ ತೂತು ಹಾಕಿ, ಉಂಗುರವನ್ನು ನೆರೆಯ ನಾಲ್ಕು ಉಂಗುರಗಳೊಳಗೆ ಹಾಯಿಸಿದ ಬಳಿಕ, ಆ ತೂತಿನಲ್ಲಿ ಸಾಸಿವೆಗಾತ್ರದ ಮೊಳೆ, ಅಂದರೆ ರಿವೆಟ್ ಒಂದನ್ನು ಕೂರಿಸಿ ತಲೆ ಬಡಿದರೆ ಒಂದು ಉಂಗುರದ ಕೆಲಸ ಮುಗಿಯಿತು. ಒಂದು ಅಂಗಿಗೆ ಇಂಥವು ಹತ್ತಾರು ಸಾವಿರ ಬೇಕು. ಮಂಡಿಯವರೆಗೆ ಇಳಿಯುವ, ತೋಳಿರುವ ಅಂಗಿ ಸುಮಾರು 10 ಕಿಲೋ ತೂಗುತ್ತದೆ. ಹಳೆಯ ಕವಚಗಳಲ್ಲಿ ಅನೇಕವು ಒಂದು ಸಾಲು ರಿವೆಟ್ ಹಾಕಿದ ಉಂಗುರ, ಮುಂದಿನ ಸಾಲು ಬಾಯಿಯೇ ಇಲ್ಲದ ಇಡೀ ಉಂಗುರ ಎಂಬ ಕ್ರಮದಲ್ಲಿವೆ. 14ನೇ ಶತಮಾನದಿಂದ ಈಚೆಗೆ ಎಲ್ಲ ಉಂಗುರಕ್ಕೂ ರಿವೆಟ್ ಹಾಕುವ ರೂಢಿ ಹೆಚ್ಚಾಯಿತು. ಉಂಗುರದ ಅಳತೆ, ತಂತಿಯ ದಪ್ಪ, ರಿವೆಟ್ಟಿನ ಆಕಾರ ಇವೆಲ್ಲ ಬದಲಾದವು. ನಾಲ್ಕನ್ನು ಒಂದು ಹಿಡಿಯುವ ಹೆಣಿಗೆ ಮಾತ್ರ ಯುರೋಪಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ರುಮೇನಿಯಾದ ಚುಮೆಷ್ಟಿ ಎಂಬಲ್ಲಿ 1961ರಲ್ಲಿ ದೊರೆತ ಕೆಲ್ಟ್ ಯೋಧನ ಸಮಾಧಿಯ ಕವಚ ಕ್ರಿಸ್ತಪೂರ್ವ 3ನೇ ಶತಮಾನದ್ದು. ಅಲ್ಲಿಂದ 16ನೇ ಶತಮಾನದವರೆಗೆ ಎಣಿಸಿದರೆ ಸುಮಾರು ಎರಡು ಸಾವಿರ ವರ್ಷಗಳ ಬಾಳಿಕೆ ಈ ಹೆಣಿಗೆಯದು.

ಹೀಗೆ ವಸ್ತು ನಿಂತಲ್ಲೇ ನಿಂತು ಹೆಸರುಗಳು ಓಡಾಡಿವೆ. ಲ್ಯಾಟಿನ್ನಿನ ‘ಲೋರಿಕಾ’ವನ್ನೇ ನೋಡಿ. ಕ್ರಿಸ್ತಪೂರ್ವ 1ನೇ ಶತಮಾನದ ರೋಮನ್ ವಿದ್ವಾಂಸ ವಾರೊ ಹೇಳುವಂತೆ ಅದು ತೊಗಲಪಟ್ಟಿಗಳಿಂದ, ಅಂದರೆ ‘ಲೋರಾ’ದಿಂದ ಮಾಡಿದ ಎದೆಗಾಪು, ಗಾಲರ, ಅಂದರೆ ಇಂದಿನ ಫ್ರಾನ್ಸಿನ ಕಡೆಯ ಕೆಲ್ಟರ, ಉಂಗುರಗಳಿಂದ ಮಾಡಿದ ಕಬ್ಬಿಣದ ಅಂಗಿ ಬಂದ ಮೇಲೆ ಹೆಸರು ಅದಕ್ಕೆ ವರ್ಗವಾಯಿತು. ಏಳು ಶತಮಾನಗಳ ನಂತರ ಸ್ಪೇನಿನ ಬಿಷಪ್ ಸೆವಿಲ್ಲೆಯ ಇಸಿಡೋರ್ ಅದೇ ಪದವನ್ನು ತದ್ವಿರುದ್ಧವಾಗಿ ಬಿಡಿಸುತ್ತಾನೆ: ತೊಗಲಪಟ್ಟಿ ಇಲ್ಲದೆ ಬರೀ ಕಬ್ಬಿಣದ ಉಂಗುರಗಳಿಂದ ಹೆಣೆದದ್ದಾದ್ದರಿಂದ ಅದು ಲೋರಿಕಾ. ತೊಗಲು ಇರುವುದರಿಂದ ಬಂದ ಹೆಸರು ಎಂದು ಒಬ್ಬ, ತೊಗಲು ಇಲ್ಲದಿರುವುದರಿಂದ ಬಂದ ಹೆಸರು ಎಂದು ಇನ್ನೊಬ್ಬ. ವ್ಯುತ್ಪತ್ತಿಯ ಮಟ್ಟಿಗೆ ಇಸಿಡೋರನನ್ನು ನಂಬಬೇಕಾಗಿಲ್ಲ. ಆದರೆ ಅವನ ಕಾಲಕ್ಕೆ ಲೋರಿಕಾ ಎಂದೊಡನೆ ಓದುಗನ ಮನಸ್ಸಿಗೆ ಬರುತ್ತಿದ್ದದ್ದು ಉಂಗುರದ ಅಂಗಿಯೇ ಎಂಬುದಕ್ಕೆ ಆ ತಪ್ಪು ವ್ಯುತ್ಪತ್ತಿ ಒಳ್ಳೆಯ ಸಾಕ್ಷಿ. ಮೀನಿನ ಪೊರೆಯಂತೆ ಲೋಹದ ಬಿಲ್ಲೆಗಳನ್ನು ಜೋಡಿಸಿದ್ದಕ್ಕೆ ಅವನು ‘ಸ್ಕ್ವಾಮಾ’ ಎಂಬ ಬೇರೆ ಪದವನ್ನೇ ಕೊಡುತ್ತಾನೆ.

ಇಲ್ಲಿ ‘ಚೈನ್’ ಎಂಬುದರ ಪರವಾಗಿಯೂ ಒಂದು ಮಾತು ಹೇಳಬೇಕು. ಮಧ್ಯಯುಗದ ಫ್ರೆಂಚರು ಈ ಹೆಣಿಗೆಯನ್ನು ‘ಮಾಯ್’ ಎಂದರು. ಅದು ಲ್ಯಾಟಿನ್ನಿನ ‘ಮಾಕುಲಾ’, ಬಲೆಯ ಕಣ್ಣು. ಇಂಗ್ಲಿಷಿನ ‘ಮೇಲ್’ ಅಲ್ಲಿಂದ ಬಂದದ್ದು. ಪದದಲ್ಲೇ ಹೆಣಿಗೆ ಇರುವುದರಿಂದ ‘ಚೈನ್’ ಸೇರಿಸುವುದು ದ್ವಿರುಕ್ತಿ ಎಂದು ತಜ್ಞರು ಗದರುವುದುಂಟು. ಮಧ್ಯಯುಗದ ಇಂಗ್ಲಿಷಿಗೆ ಆ ಜೋಡುಪದ ಗೊತ್ತಿರಲಿಲ್ಲ ಎಂಬುದು ನಿಜ. ಆದರೂ ಕ್ರಿಸ್ತಪೂರ್ವ 2ನೇ ಶತಮಾನದಲ್ಲೇ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್, ಹತ್ತು ಸಾವಿರ ದ್ರಾಖ್ಮಾಗಳಿಗಿಂತ ಹೆಚ್ಚಿನ ಆಸ್ತಿಯುಳ್ಳ ರೋಮನ್ ಸೈನಿಕರು ‘ಹಲುಸಿಡೋಟೋಸ್’ ಎದೆಗಾಪು ತೊಡುತ್ತಾರೆ ಎಂದು ಬರೆದ, ಮತ್ತು ಆ ಪದದ ಬೇರು ಸರಪಳಿಯೇ. ಪದ ಹಳೆಯದಲ್ಲವೆಂದು ಹೇಳಿದರೆ ಒಪ್ಪಬಹುದು, ಕಲ್ಪನೆಯೇ ಅಸಂಬದ್ಧವೆಂದರೆ ಪೊಲಿಬಿಯಸ್ ಅಡ್ಡ ಬರುತ್ತಾನೆ.

ಉತ್ತರ ಯುರೋಪಿನ ಜರ್ಮಾನಿಕ್ ಭಾಷೆಗಳಲ್ಲಿ ಇನ್ನೊಂದು ಬಳಗವಿದೆ. ನಾರ್ಸ್ ಭಾಷೆಯ ‘ಬ್ರುನ್ಯಾ’, ಹಳೆಯ ಇಂಗ್ಲಿಷಿನ ‘ಬುರ್ನೆ’, ಹಳೆಯ ಫ್ರೆಂಚಿಗೆ ದಾಟಿದ ‘ಬ್ರೊಯ್ನ್’ ಇವು ಒಡಹುಟ್ಟಿದವು. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಕವಿ ಈ ಬುರ್ನೆಯನ್ನು ಉಂಗುರಬಲೆ, ಎದೆಬಲೆ, ಕಮ್ಮಾರನ ಜಾಣ್ಮೆ ಹೊಲಿದ ಬಲೆ ಎಂದೆಲ್ಲ ಕರೆಯುತ್ತಾನೆ. ಯೋಧರು ನಡೆದು ಬರುವಾಗ ಹೊಳೆಯುವ ಕಬ್ಬಿಣದ ಉಂಗುರಗಳು ಹಾಡಿದವು ಎನ್ನುತ್ತಾನೆ. ಇವೆಲ್ಲ ಬೇರೆ ಬೇರೆ ಕವಚಗಳಲ್ಲ. ಪ್ರಾಸದ ಅಕ್ಷರಕ್ಕೆ ಹೊಂದುವ ಹೆಸರನ್ನು ಹುಡುಕುತ್ತಿದ್ದ ಕವಿಗೆ ಒಂದೇ ವಸ್ತುವಿಗೆ ಹತ್ತು ಹೆಸರು ಬೇಕಾಗಿದ್ದವು. ಆದರೆ ಫ್ರೆಂಚ್ ವೀರಕಾವ್ಯಗಳಲ್ಲಿ ‘ಬ್ರೊಯ್ನ್’ ಮತ್ತು ‘ಓಬೇರ್’ ಎರಡೂ ಬರುವುದನ್ನು ಕಂಡ ಹಿಂದಿನ ವಿದ್ವಾಂಸರು, ಬ್ರೊಯ್ನ್ ಎಂದರೆ ತೊಗಲಿನ ಮೇಲೆ ಬಿಲ್ಲೆ ಹೊಲಿದದ್ದು, ಓಬೇರ್ ಎಂದರೆ ಉಂಗುರದ್ದು ಎಂದು ಗೆರೆ ಎಳೆದರು. ಛಂದಸ್ಸಿಗಾಗಿ ಆರಿಸಿದ ಪದಗಳ ಮೇಲೆ ಇಷ್ಟು ಭಾರ ಹೇರುವುದು ನನಗೆ ಸರಿ ಕಾಣುವುದಿಲ್ಲ.

ಇಂಗ್ಲಿಷಿನಲ್ಲಿ ‘ಹಾಬರ್ಕ್’ ಆಗಿರುವ ಈ ಓಬೇರ್ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಯೋಗ್ಯವಾದ ಪದ. ಇದರ ಮೂಲ ಜರ್ಮಾನಿಕ್: ‘ಹಾಲ್ಸ್’ ಎಂದರೆ ಕೊರಳು, ‘ಬೆರ್ಗ್’ ಎಂದರೆ ಕಾಯುವುದು. ಕೊರಳಗಾಪಿನ ಹೆಸರು ಇಡೀ ಅಂಗಿಗೆ ಹರಡಿದ್ದು ಹೇಗೆಂಬುದನ್ನು ಹಂತ ಹಂತವಾಗಿ ತೋರಿಸುವ ದಾಖಲೆಗಳಿಲ್ಲ, ಆದರೆ 11ನೇ ಶತಮಾನದ ಕೊನೆಯ ಹೊತ್ತಿಗೆ ಅದು ಕುದುರೆ ಸವಾರನ ಮುಖ್ಯ ಕವಚದ ಹೆಸರಾಗಿ ನೆಲೆಯೂರಿತ್ತು. ನಾರ್ಮನ್ನರು ಇಂಗ್ಲೆಂಡಿನ ಮೇಲೆ ಕೈಗೊಂಡ 1066ರ ದಂಡಯಾತ್ರೆಯನ್ನು ಚಿತ್ರಿಸುವ, ಸುಮಾರು 70 ಮೀಟರ್ ಉದ್ದದ ಬೇಯೂ ಕಸೂತಿಯಲ್ಲಿ ಹಡಗಿಗೆ ಸಾಮಾನು ಹೇರುವ ದೃಶ್ಯವೊಂದಿದೆ. ಅಲ್ಲಿ ಒಂದೊಂದು ಅಂಗಿಯ ಎರಡು ತೋಳುಗಳಿಗೆ ಕೋಲು ತೂರಿಸಿ, ಕೋಲಿನ ತುದಿಗಳನ್ನು ಇಬ್ಬಿಬ್ಬರು ಆಳುಗಳು ಹೆಗಲ ಮೇಲಿಟ್ಟು ಸಾಗಿಸುತ್ತಿದ್ದಾರೆ. ಅದೇ ಕಸೂತಿಯಲ್ಲಿ ತೊಟ್ಟ ಕವಚದ ಕೆಳಭಾಗ ಎರಡು ಕಾಲುಗಳ ಚಲ್ಲಣದಂತೆ ಕಾಣುತ್ತದೆ. ಚಲ್ಲಣವೇ ಆಗಿದ್ದರೆ, ಅಂಚಿನ ಚಿತ್ರದಲ್ಲಿ ಸತ್ತವರ ಮೈಯಿಂದ ಕವಚವನ್ನು ತಲೆಯ ಮೇಲಿಂದ ಎಳೆದು ತೆಗೆಯಲು ಆಗುತ್ತಿರಲಿಲ್ಲ. ಕುದುರೆ ಹತ್ತಲು ಅನುಕೂಲವಾಗುವಂತೆ ಹಿಂದೆ ಮುಂದೆ ಸೀಳು ಬಿಟ್ಟ ಅಂಗಿ ಅದು, ಸೂಜಿ ಹಿಡಿದ ಕೈ ಅದನ್ನು ಹಾಗೆ ತೋರಿಸಿದೆ.

ಹಾಬರ್ಕ್ ಎಂಬುದು ಬಟ್ಟೆಯ ಹೆಸರಾಗಿ ಮಾತ್ರ ಉಳಿಯದೆ ಜಮೀನಿನ ಅಳತೆಯೂ ಆಯಿತು. ನಾರ್ಮಂಡಿಯಲ್ಲಿ ‘ಫಿಯೆಫ್ ದ ಓಬೇರ್’ ಎಂದರೆ ಹಾಬರ್ಕ್ ತೊಟ್ಟು ಯುದ್ಧಸೇವೆ ಸಲ್ಲಿಸುವ ಕರಾರಿನ ಮೇಲೆ ಹಿಡಿದ ಜಹಗೀರು. ಇಂಗ್ಲೆಂಡಿನ ಎರಡನೆಯ ಹೆನ್ರಿ 1181ರಲ್ಲಿ ಹೊರಡಿಸಿದ ಆಯುಧ ಕಟ್ಟಳೆಯನ್ನು ಓದಿದರೆ ಪದಗಳ ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತದೆ. ಜಹಗೀರಿನ ನೈಟ್, ಅಂದರೆ ಸವಾರ ಯೋಧ, ಮತ್ತು ಆ ಕಾಲದ ಹಣದ ಲೆಕ್ಕದಲ್ಲಿ 16 ಮಾರ್ಕ್ ಬೆಲೆಯ ಸ್ವತ್ತುಳ್ಳ ಸ್ವತಂತ್ರ ಪ್ರಜೆ ಲೋರಿಕಾ ಇಟ್ಟುಕೊಳ್ಳಬೇಕು. 10 ಮಾರ್ಕಿನವನು ‘ಔಬರ್ಗೆಲ್’, ಅಂದರೆ ಚಿಕ್ಕ ಹಾಬರ್ಕ್ ಇಟ್ಟುಕೊಳ್ಳಬೇಕು. ಪೇಟೆಯ ನಿವಾಸಿಗಳೂ ಉಳಿದ ಸ್ವತಂತ್ರರೂ ‘ವಂಬೈ’, ಅಂದರೆ ಒಳಗೆ ತುಂಬಿ ಹೊಲಿದ ದಪ್ಪ ಬಟ್ಟೆಯ ಅಂಗಿ ಇಟ್ಟುಕೊಳ್ಳಬೇಕು. ಯಹೂದಿಗಳು ಲೋರಿಕಾವನ್ನಾಗಲಿ ಔಬರ್ಗೆಲ್ ಅನ್ನಾಗಲಿ ಹೊಂದಿರಕೂಡದೆಂಬ ಷರತ್ತೂ ಅದರಲ್ಲಿದೆ. 1285ರ ವಿಂಚೆಸ್ಟರ್ ಶಾಸನವೂ ಇದೇ ಜಾಡಿನದು: 15 ಪೌಂಡ್ ಹುಟ್ಟುವಳಿಯ ಜಮೀನಿನವನಿಗೆ ಹಾಬರ್ಕ್, 100 ಷಿಲಿಂಗಿನವನಿಗೆ ಬಟ್ಟೆಯ ‘ಪರ್ಪಾಯಿಂಟ್’.

ಈ ದಾಖಲೆಗಳಲ್ಲಿ ಹಾಬರ್ಕಿಗೂ ಅದರ ಕಿರಿಯ ರೂಪವಾದ ‘ಹಾಬರ್ಜನ್’ಗೂ ಇರುವ ಅಂತರ ಎಷ್ಟು ಗೇಣು ಎಂದು ಅಳೆಯಲು ಹೊರಡುವವರುಂಟು. ಗುಮಾಸ್ತನಿಗೆ ಆ ಅಳತೆ ಬೇಕಿರಲಿಲ್ಲ. ಯಾರಿಗೆ ಎಷ್ಟು ಹೊರೆ ಹಾಕಬೇಕೆಂಬುದೇ ಅವನ ಪ್ರಶ್ನೆ. ದೊಡ್ಡದು, ಚಿಕ್ಕದು, ಬಟ್ಟೆಯದು ಎಂಬ ಮೂರು ತರಗತಿ ಅವನಿಗೆ ಸಾಕಾಗಿತ್ತು. ಆದ್ದರಿಂದ ಈ ಪದಗಳನ್ನು ದರ್ಜಿಯ ಅಳತೆಗಳಂತೆ ಓದದೆ ಆಸ್ತಿಯ ದರ್ಜೆಗಳಂತೆ ಓದಬೇಕು.

ಅಂಗಭಾಗಗಳ ಹೆಸರುಗಳನ್ನು ಬೇಗ ದಾಟೋಣ. ತಲೆಗೆ ಹಾಕುವ ಉಂಗುರದ ಕುಲಾವಿ ‘ಕಾಯಿಫ್’, ಬಾಯಿ ಗದ್ದ ಮುಚ್ಚಲು ಎಳೆದು ಕಟ್ಟುವ ಪಟ್ಟಿ ‘ವೆಂಟೇಲ್’, ಕಾಲಿಗೆ ‘ಶೋಸ್’. 14ನೇ ಶತಮಾನದಲ್ಲಿ ಶಿರಸ್ತ್ರಾಣದ ಅಂಚಿನಿಂದ ಹೆಗಲಿಗೆ ಇಳಿಬಿಟ್ಟ ಉಂಗುರದ ಪರದೆಯನ್ನು ಇಂಗ್ಲಿಷ್ ದಾಖಲೆಗಳು ‘ಅವೆಂಟೇಲ್’ ಎಂದರೆ ಫ್ರೆಂಚ್ ದಾಖಲೆಗಳು ‘ಕಮಾಯ್’ ಎಂದವು. ಪ್ರೊವೆನ್ಸಾಲ್ ಭಾಷೆಯಲ್ಲಿ ತಲೆಯ ಹೆಣಿಗೆ ಎಂಬರ್ಥದ ಪದದಿಂದ ಇದು ಬಂದಿದೆ. ವಸ್ತು ಒಂದೇ, ಬರೆದವನ ಭಾಷೆ ಬೇರೆ ಅಷ್ಟೆ. ಇವೆಲ್ಲಕ್ಕಿಂತ ದೂರ ಪಯಣ ಮಾಡಿದ ಪದ ಜರ್ಮನರದು. ಹೊಟ್ಟೆ ಎಂಬರ್ಥದ ಫ್ರೆಂಚ್ ಪದದಿಂದ ಹೊರಟ ‘ಪಾಂಜರ್’ ಮಧ್ಯಯುಗದ ಜರ್ಮನಿಯಲ್ಲಿ ಉಂಗುರದ ಅಂಗಿಯ ಹೆಸರಾಗಿತ್ತು, 20ನೇ ಶತಮಾನದಲ್ಲಿ ಅದು ಯುದ್ಧ ಟ್ಯಾಂಕಿನ ಹೆಸರಾಯಿತು.

ಉಂಗುರದ ಅಂಗಿಯನ್ನು ಬರಿಮೈಗೆ ತೊಡುವುದಿಲ್ಲ. ಅದು ಕಡಿತವನ್ನು ತಡೆದೀತು, ಗುದ್ದನ್ನು ತಡೆಯದು. ಒಳಗೆ ಹತ್ತಿ ತುಂಬಿ ಗೀರುಹೊಲಿಗೆ ಹಾಕಿದ ಅಂಗಿಗೆ ‘ಆಕೆಟನ್’ ಎಂಬ ಹೆಸರಿತ್ತು. ಅರಬ್ಬಿಯ ‘ಅಲ್ ಕುತ್ನ್’, ಅಂದರೆ ಹತ್ತಿ ಎಂಬ ಪದವೇ ಹೀಗೆ ಯುರೋಪಿಗೆ ಕವಚದ ಹೆಸರಾಗಿ ಬಂತು. ಈ ಪದರಗಳನ್ನು ಒಟ್ಟಿಗೆ ತೋರಿಸುವ ಪ್ರಸಿದ್ಧ ಸಾಲುಗಳು 14ನೇ ಶತಮಾನದ ಕೊನೆಯ ಇಂಗ್ಲಿಷ್ ಕವಿ ಚಾಸರನವು. ಅವನ ಸರ್ ತೋಪಾಸ್ ಅಂಗಿಯ ಮೇಲೆ ಆಕೆಟನ್, ಅದರ ಮೇಲೆ ಹಾಬರ್ಜನ್, ಅದರ ಮೇಲೆ ಹಾಬರ್ಕ್, ಎಲ್ಲದರ ಮೇಲೆ ಲಾಂಛನದ ಮೇಲಂಗಿ ತೊಡುತ್ತಾನೆ. ವಿಚಿತ್ರವೆಂದರೆ ಇಲ್ಲಿ ಹಾಬರ್ಕ್ ತಗಡಿನಿಂದ ಗಟ್ಟಿಯಾಗಿತ್ತು ಎಂದಿದೆ, ಉಂಗುರದ್ದು ಎಂದಿಲ್ಲ. ತಗಡಿನ ಕವಚ ಚಾಲ್ತಿಗೆ ಬರುತ್ತಿದ್ದ ಆ ಕಾಲದಲ್ಲಿ ಹಳೆಯ ಹೆಸರು ಹೊಸ ವಸ್ತುವಿನ ಮೇಲೆ ಕೂರುತ್ತಿತ್ತೇನೋ ಅನಿಸುತ್ತದೆ. ಆದರೆ ತೋಪಾಸನ ಕಥೆ ವೀರಕಥೆಗಳ ಅಣಕ ಎಂಬುದನ್ನು ಮರೆತು ಇದನ್ನು ಉಗ್ರಾಣದ ಪಟ್ಟಿಯಂತೆ ಓದಿದವರು ಬಹಳ ಮಂದಿ. ನನಗೆ ಅವನ ಇನ್ನೊಂದು ಸಾಲು ಹೆಚ್ಚು ನಂಬಿಕೆಗೆ ಅರ್ಹ ಎನಿಸುತ್ತದೆ: ದಂಡಿನಿಂದ ಆಗಷ್ಟೇ ಮರಳಿದ ನೈಟನ ಒರಟು ಬಟ್ಟೆಯ ಅಂಗಿಯ ಮೇಲೆಲ್ಲ ಹಾಬರ್ಜನ್ನಿನ ಕಲೆಗಳು. ಕಬ್ಬಿಣದ ತುಕ್ಕು, ಎಣ್ಣೆ ಬಟ್ಟೆಗೆ ಅಂಟುವುದನ್ನು ಕಣ್ಣಾರೆ ಕಂಡವನು ಬರೆದ ಸಾಲು ಅದು. ಡೋವರ್ ಕೋಟೆಯ 14ನೇ ಶತಮಾನದ ದಾಸ್ತಾನಿನಲ್ಲಿ ಕವಚಗಳನ್ನು ಹಾಕಿ ಉರುಳಿಸುವ ಪೀಪಾಯಿಯೊಂದು ನಮೂದಾಗಿರುವುದೂ ಈ ತುಕ್ಕಿನ ಕಾಟದಿಂದಲೇ.

ಪೂರ್ವದಿಂದ ಬಂದ ಇನ್ನೊಂದು ಪದ ‘ಜಾಜರಂಟ್’. ಅದು ಅಲ್ಜೀರಿಯಾದ ಹೆಸರಿನಿಂದ ಬಂದದ್ದೆಂದು ಹಿಂದಿನವರು ಹೇಳುತ್ತಿದ್ದರು. ಪರ್ಷಿಯನ್ ಮೂಲದ ‘ಕಜಾಗಂದ್’ ಎಂಬುದರ ಕಡೆಗೆ ಈಚಿನ ಹಲವರು ಬೆರಳು ತೋರಿಸುತ್ತಾರೆ. ಕಜಾಗಂದ್ ಎಂದರೇನೆಂದು ತಿಳಿಯಲು ಊಹೆ ಬೇಕಿಲ್ಲ. 12ನೇ ಶತಮಾನದ ಸಿರಿಯಾದ ಯೋಧ ಉಸಾಮಾ ಇಬ್ನ್ ಮುನ್ಕಿಜ್ ತನ್ನದನ್ನು ತಾನೇ ವರ್ಣಿಸಿದ್ದಾನೆ: ಹೊರಗೆ ಬಟ್ಟೆ, ಒಳಗೆ ಕೆಳಗಿನವರೆಗೆ ಇಳಿಯುವ ಫ್ರಾಂಕರ (ಪಶ್ಚಿಮ ಯುರೋಪಿನವರ) ಉಂಗುರದ ಕವಚ, ಅದರ ಮೇಲೆ ನಡುವಿನವರೆಗೆ ಇನ್ನೊಂದು, ಜೊತೆಗೆ ಅಸ್ತರಿ, ಉಣ್ಣೆಯ ನಮದೆ, ಒರಟು ರೇಷ್ಮೆ, ಮೊಲದ ಕೂದಲು. ಇಷ್ಟು ಬಿಡಿಬಿಡಿಯಾದ ವಿವರ ಯುರೋಪಿನ ಆ ಕಾಲದ ಬರಹಗಳಲ್ಲಿ ಸಿಗುವುದು ಅಪರೂಪ. ತೊಟ್ಟವನೇ ಬರೆದಾಗ ಪದಕ್ಕೆ ಸಿಗುವ ಬೆಳಕು ಗುಮಾಸ್ತನಿಂದಲೋ ಕವಿಯಿಂದಲೋ ಸಿಗುವುದಿಲ್ಲ.

ಉಗ್ರಾಣದ ಲೆಕ್ಕಿಗನ ಪದಗಳು ಬೇರೆ ರೀತಿಯಲ್ಲಿ ಕಷ್ಟ ಕೊಡುತ್ತವೆ. 1316ರಲ್ಲಿ ತೀರಿಕೊಂಡ ಫ್ರೆಂಚ್ ದೊರೆ ಹತ್ತನೆಯ ಲೂಯಿಯ ಆಯುಧಗಳ ಪಟ್ಟಿಯಲ್ಲಿ ದುಂಡು ಉಂಗುರಗಳ, ‘ಓಟ್ ಕ್ಲುವೂರ್’ನ ಹೆಣಿಗೆ ಎಂಬ ಮಾತು ಬರುತ್ತದೆ. ‘ಎತ್ತರದ ರಿವೆಟ್’ ಎಂದು ಅಕ್ಷರಶಃ ಹೇಳಬಹುದು. ರಿವೆಟ್ಟಿನ ತಲೆ ಉಬ್ಬಿದೆ ಎಂದು ಕೆಲವರೂ, ಎಲ್ಲ ಉಂಗುರಕ್ಕೂ ರಿವೆಟ್ ಇದೆ ಎಂದು ಕೆಲವರೂ ಓದುತ್ತಾರೆ. ಎದುರಿಗಿದ್ದ ವಸ್ತುವನ್ನು ಪಕ್ಕದ್ದರಿಂದ ಬೇರ್ಪಡಿಸಿ ಗುರುತಿಸುವುದಷ್ಟೇ ಲೆಕ್ಕಿಗನ ಕೆಲಸವಾಗಿತ್ತು, ಮುಂದೆ ಬರುವವರಿಗೆ ವಿವರಿಸುವುದು ಅವನ ಹೊಣೆಯಲ್ಲ. ‘ಇಮ್ಮಡಿ ಕವಚ’, ‘ಮುಮ್ಮಡಿ ಕವಚ’ ಎಂಬ ಮಾತುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಫ್ರೆಂಚರ ರೋಲಾಂಡನ ವೀರಕಾವ್ಯದಲ್ಲಿ ಸರಸೆನರ, ಅಂದರೆ ಮುಸ್ಲಿಮರ ಹಾಬರ್ಕುಗಳು ಮೂರು ಮಡಿ ಎಂದಿದೆ. ಅದಕ್ಕಿಂತ ಸಾವಿರ ವರ್ಷ ಮೊದಲೇ ರೋಮನ್ ಕವಿ ವರ್ಜಿಲ್ ಚಿನ್ನದ ಮೂರೆಳೆಯ ಲೋರಿಕಾದ ಬಗ್ಗೆ ಹಾಡಿದ್ದ. ವೀರರ ಸರಕು ಯಾವಾಗಲೂ ಮೂರು ಪಟ್ಟು ಇರುತ್ತದೆ.

ಇನ್ನು 19ನೇ ಶತಮಾನಕ್ಕೆ ಬರೋಣ. ಅದಕ್ಕೂ ಸ್ವಲ್ಪ ಮೊದಲು, 1786ರಲ್ಲಿ, ಫ್ರಾನ್ಸಿಸ್ ಗ್ರೋಸ್ ಎಂಬ ಇಂಗ್ಲಿಷ್ ಪುರಾವಸ್ತು ಲೇಖಕ ಮೇಲ್ ಎರಡು ಬಗೆ, ಚೈನ್ ಮತ್ತು ಪ್ಲೇಟ್ ಎಂದು ಬರೆದ. ಅವನ ‘ಪ್ಲೇಟ್ ಮೇಲ್’ ಎಂದರೆ ಮೀನಿನ ಪೊರೆಯಂತೆ ಜೋಡಿಸಿದ ಬಿಲ್ಲೆಗಳು. ಅಷ್ಟರಲ್ಲಾಗಲೇ ‘ಮೇಲ್’ ಎಂಬುದು ಇಂಗ್ಲಿಷಿನಲ್ಲಿ ಯಾವುದೇ ಕವಚ ಎಂಬಷ್ಟು ಸಡಿಲವಾಗಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಗೊಲಿಯಾತನು ‘ಕೋಟ್ ಆಫ್ ಮೇಲ್’ ತೊಟ್ಟಿದ್ದಾನೆ, ಆದರೆ ಹೀಬ್ರೂ ಮೂಲದಲ್ಲಿರುವುದು ಮೀನಿನ ಪೊರೆಯ ಪದ. ಲ್ಯಾಟಿನ್ ಅನುವಾದ ಅದನ್ನು ಸರಿಯಾಗಿಯೇ ‘ಸ್ಕ್ವಾಮಾಟಾ’ ಎಂದಿತ್ತು.

ಈ ಸಡಿಲ ನೆಲದ ಮೇಲೆ ದೊಡ್ಡ ಕಟ್ಟಡ ಕಟ್ಟಿದವನು ಇಂಗ್ಲಿಷ್ ಪುರಾವಸ್ತು ಪ್ರಿಯ ಸ್ಯಾಮ್ಯುಯಲ್ ರಶ್ ಮೈರಿಕ್. ಲಂಡನ್ ಟವರಿನ ಆಯುಧಾಗಾರವನ್ನು ಮೊದಲ ಬಾರಿಗೆ ಕಾಲಕ್ರಮದ ಪ್ರಜ್ಞೆಯಿಂದ ಜೋಡಿಸಿದವನು, 1832ರಲ್ಲಿ ಸರ್ ಪದವಿ ಪಡೆದವನು, ಆಯುಧಗಳ ಅಧ್ಯಯನಕ್ಕೆ ಶಿಸ್ತು ತಂದವನು ಎಂಬ ಗೌರವ ಅವನಿಗೆ ಸಲ್ಲಬೇಕು. ಆದರೆ 1820ರ ದಶಕದ ಅವನ ಬರಹಗಳು ಉಂಗುರದ ಕವಚವನ್ನು ಚಿತ್ರಗಳ ಆಧಾರದ ಮೇಲೆ ಬಗೆಬಗೆಯಾಗಿ ಒಡೆದವು. ಕಸೂತಿಯಲ್ಲಿ ಬಿಡಿ ವೃತ್ತಗಳು ಕಂಡರೆ ತೊಗಲಿನ ಮೇಲೆ ಉಂಗುರ ಹೊಲಿದ ‘ರಿಂಗ್ಡ್’. ಅಡ್ಡಗೆರೆಗಳು ಕಂಡರೆ ಪಟ್ಟಿಗಳ ಜಾಲರಿಯಾದ ‘ಟ್ರೆಲಿಸ್ಡ್’. ವಜ್ರಾಕೃತಿ ಕಂಡರೆ ‘ಮಾಸ್ಕಲ್ಡ್’. ಇನ್ನೂ ‘ರಸ್ಟರ್ಡ್’, ‘ಟೆಗ್ಯುಲೇಟೆಡ್’, ‘ಬ್ಯಾಂಡೆಡ್’. ಚಿತ್ರದ ಗೆರೆಯೊಂದು ಬದಲಾದರೆ ಒಂದು ಹೊಸ ಕವಚ. ‘ಮಾಸ್ಕಲ್’ ಲಾಂಛನಶಾಸ್ತ್ರದಲ್ಲಿ ನಡು ಟೊಳ್ಳಾದ ವಜ್ರಾಕೃತಿಯ ಹೆಸರು ಎಂಬುದು ಈ ಕಲ್ಪನೆಗೆ ಇನ್ನಷ್ಟು ಬಲ ಕೊಟ್ಟಿತು.

ತಪ್ಪು ಎಲ್ಲಿತ್ತೆಂದರೆ, ಸಾವಿರಾರು ಸಣ್ಣ ಉಂಗುರಗಳನ್ನು ಹೆಬ್ಬೆರಳ ಗಾತ್ರದ ಚಿತ್ರದಲ್ಲಿ ತೋರಿಸಬೇಕಾದವನು ಏನಾದರೂ ಒಂದು ಸಂಕೇತವನ್ನು ಕಂಡುಕೊಳ್ಳಲೇಬೇಕಲ್ಲವೇ? ಸೂಜಿಗೆ ವೃತ್ತ ಸುಲಭ, ಲೇಖನಿಗೆ ಅಲೆಗೆರೆ ಸುಲಭ, ಉಳಿಗೆ ಅರ್ಧಚಂದ್ರಗಳ ಸಾಲು ಸುಲಭ. ಸಮಾಧಿಯ ಕಲ್ಲಿನ ಪ್ರತಿಮೆಗಳಲ್ಲಿ ಶಿಲ್ಪಿ ಎಷ್ಟೋ ಸಲ ಕಲ್ಲನ್ನು ನುಣುಪಾಗಿ ಬಿಟ್ಟು, ಉಂಗುರಗಳನ್ನು ಮೇಲೆ ಗಾರೆಯಲ್ಲಿ ಒತ್ತಿಯೋ ಬಣ್ಣದಲ್ಲಿ ಬರೆದೋ ತೋರಿಸುತ್ತಿದ್ದ. ಗಾರೆ, ಬಣ್ಣ ಉದುರಿ ಹೋದ ಮೇಲೆ ನೋಡಿದವನಿಗೆ ಅದು ತೊಗಲಿನ ಕವಚದಂತೆ ಕಂಡರೆ ಅಚ್ಚರಿಯಿಲ್ಲ. ಮೈರಿಕ್ ಕಲೆಯ ರೂಢಿಗಳನ್ನು ಕಮ್ಮಾರಿಕೆಯ ವಿವರಗಳೆಂದು ಓದಿದ. ನಂತರದ ವಿದ್ವಾಂಸರು ಅವನ ಬಗೆಗಳನ್ನು ಒಂದೊಂದಾಗಿ ಕೈಬಿಟ್ಟರೂ ಹೆಸರುಗಳು ಸಾಯಲಿಲ್ಲ. ಗ್ರಂಥಾಲಯಗಳಲ್ಲಿ ಉಳಿದ ಹಳೆಯ ಕೈಪಿಡಿಗಳಿಂದ ಅವು ಆಟಗಳ ನಿಯಮಪುಸ್ತಕಗಳಿಗೆ ದಾಟಿಕೊಂಡವು.

ಎಲ್ಲಕ್ಕಿಂತ ಹಠ ಹಿಡಿದು ಉಳಿದದ್ದು ‘ಬ್ಯಾಂಡೆಡ್’, ಅಂದರೆ ಪಟ್ಟಿಯುಳ್ಳದ್ದು. 13 ಮತ್ತು 14ನೇ ಶತಮಾನದ ಹಸ್ತಪ್ರತಿಗಳಲ್ಲೂ ಸಮಾಧಿಯ ಹಿತ್ತಾಳೆ ಫಲಕಗಳಲ್ಲೂ ಉಂಗುರಗಳ ಸಾಲುಗಳ ನಡುವೆ ಅಡ್ಡಪಟ್ಟಿಗಳು ಕಾಣುತ್ತವೆ. ಅವುಗಳನ್ನು ಬರೀ ಚಿತ್ರರೂಢಿ ಎಂದು ತಳ್ಳಿಹಾಕಬಹುದಿತ್ತು. ಆದರೆ ಡರ್ಬಿಶೈರಿನ ನ್ಯೂಟನ್ ಸೋಲ್ನಿಯಂಥ ಬೆರಳೆಣಿಕೆಯ ಕಡೆ ಕಲ್ಲಿನ ಪ್ರತಿಮೆಗಳಲ್ಲೇ ಆ ಪಟ್ಟಿಗಳನ್ನು ಶ್ರದ್ಧೆಯಿಂದ ಕೊರೆಯಲಾಗಿದೆ. ಸಾಲು ಸಾಲಿನಲ್ಲಿ ತೊಗಲಿನ ದಾರ ಹಾಯಿಸಿ ಹೆಣಿಗೆಯನ್ನು ಬಿಗಿ ಮಾಡಿದ್ದಿರಬೇಕೆಂದು ಕೆಲವರು ಮಾದರಿ ಮಾಡಿ ತೋರಿಸಿದರು. ಮಾದರಿ ಪ್ರತಿಮೆಯನ್ನು ಹೋಲುತ್ತದೆ, ನಿಜ. ಆದರೆ ಪಟ್ಟಿಯಿರುವ ಒಂದೇ ಒಂದು ನಿಜವಾದ ಯುರೋಪಿಯನ್ ಕವಚವೂ ಈವರೆಗೆ ಸಿಕ್ಕಿಲ್ಲ. ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದ ವಿಸ್ಬಿ ಪಟ್ಟಣದ ಹೊರಗೆ 1361ರ ಜುಲೈಯಲ್ಲಿ ಡೇನರ ಕೈಯಲ್ಲಿ ಸತ್ತ ರೈತರನ್ನು ಕವಚ ಸಹಿತ ಸಾಮೂಹಿಕ ಗುಂಡಿಗಳಲ್ಲಿ ಹೂಳಲಾಗಿತ್ತು. ತೆಗೆದಾಗ ಕೆಲವರ ತಲೆಬುರುಡೆಗಳ ಮೇಲೆ ಉಂಗುರದ ಕುಲಾವಿ ಹಾಗೆಯೇ ಅಂಟಿಕೊಂಡಿತ್ತು. ಬ್ಯಾಂಡೆಡ್ ಕವಚ ಚಿತ್ರಗಳಲ್ಲಿ ಹೇರಳವಾಗಿರುವ ಶತಮಾನದ್ದೇ ಆದ ಆ ಗುಂಡಿಗಳಿಂದ ಮೇಲೆ ಬಂದದ್ದು ಚುಮೆಷ್ಟಿಯ ಕಾಲದಿಂದ ನಡೆದು ಬಂದಿದ್ದ ಅದೇ ಹೆಣಿಗೆ, ಒಂದು ಉಂಗುರಕ್ಕೆ ನಾಲ್ಕು.